ಕವಲ, ಗಂಡೂಷ, ಮುಖಪಾಕ: ಅರ್ಬುದಚಿಕಿತ್ಸೆಯ ಕಾಲದ ಬಾಯಿಹುಣ್ಣಿನ ವಿಚಾರ

ಸಂಸ್ಕೃತದ ‘ಕವಲ’ ಶಬ್ದವು ಕನ್ನಡಕ್ಕೆ ಬಂದು ‘ಕವಳ’ವಾಗಿ ನಿಂತಿದೆ. ತುತ್ತು, ಒಮ್ಮೆಗೆ ಬಾಯಿಗೆ ಹಿಡಿಯುವಷ್ಟು ಅನ್ನ, ಎಂಬುದು ಅದರ ಮೊದಲ ಅರ್ಥ. ಭಿಕ್ಷಾನ್ನಕ್ಕೂ ಈ ಮಾತು ಸಲ್ಲುತ್ತದೆ. ಮಲೆನಾಡಿನಲ್ಲಿಯೂ ಉತ್ತರ ಕನ್ನಡದ ಸೀಮೆಯಲ್ಲಿಯೂ ‘ಕವಳ ಹಾಕುವುದು’ ಎಂದರೆ ಎಲೆ, ಅಡಿಕೆ, ಸುಣ್ಣಗಳನ್ನು, ಅನೇಕವೇಳೆ ಹೊಗೆಸೊಪ್ಪನ್ನೂ ಕೂಡಿಸಿ, ಜಗಿಯುವುದೆಂದೇ ಅರ್ಥ. ಆಯುರ್ವೇದದಲ್ಲಿಯಾದರೋ ಕವಲವೆಂಬುದು ಬಾಯಿಯ ರೋಗಗಳಿಗೆ ವಿಧಿಸಿರುವ ಒಂದು ಚಿಕಿತ್ಸಾಕ್ರಮ. ಹೀಗೆ ಒಂದೇ ಶಬ್ದವು ಒಂದು ಕಡೆ ವ್ರಣಕ್ಕೆ ಔಷಧವಾಗಿಯೂ ಮತ್ತೊಂದು ಕಡೆ ವ್ರಣಕ್ಕಿಂತಲೂ ಘೋರವಾದ ವ್ಯಾಧಿಗೆ ಬೀಜವಾಗಿಯೂ ನಿಂತಿರುವುದು ವಿಚಿತ್ರವೇ ಸರಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಡಿಕೆಯನ್ನೂ, ಹೊಗೆಸೊಪ್ಪು ಸೇರದ ತಾಂಬೂಲವನ್ನೂ ಸಹ, ಮನುಷ್ಯರಲ್ಲಿ ಕ್ಯಾನ್ಸರನ್ನುಂಟುಮಾಡುವ ದ್ರವ್ಯಗಳ ವರ್ಗದಲ್ಲಿ ೨೦೦೪ರಲ್ಲಿ ಪ್ರಕಟವಾಗಿ ಸೇರಿಸಿತು.

ಕ್ಯಾನ್ಸರ್ ರೋಗಕ್ಕೆ ‘ಅರ್ಬುದ’ವೆಂಬ ಹೆಸರು ಈಗ ರೂಢಿಗೆ ಬಂದಿದೆ. ಸುಶ್ರುತನು ಹೇಳುವ ಅರ್ಬುದವೂ ಇಂದಿನವರ ಕ್ಯಾನ್ಸರೂ ಸರ್ವಾಂಶದಲ್ಲಿ ಒಂದೇ ಅಲ್ಲವಾದರೂ ವ್ಯವಹಾರಕ್ಕೆ ಆ ಹೆಸರು ಸಾಕು. ಈ ರೋಗಕ್ಕೆ ಔಷಧಗಳಿಂದಲೋ ಕಿರಣಗಳಿಂದಲೋ ಚಿಕಿತ್ಸೆ ನಡೆಯುತ್ತಿರುವಾಗ ರೋಗಿಯ ಬಾಯೆಲ್ಲ ಹುಣ್ಣಾಗಿ, ನೀರು ನುಂಗುವುದೂ ಯಾತನೆಯಾಗುವುದುಂಟು. ಆಗ ಮನೆಯವರು ಹಳೆಯ ವೈದ್ಯಗ್ರಂಥಗಳ ಕನ್ನಡ ಅನುವಾದಗಳನ್ನು ತೆರೆದು, ‘ಮುಖಪಾಕ’ವೆಂಬ ಶೀರ್ಷಿಕೆಯ ಕೆಳಗೆ ಕಂಡದ್ದನ್ನು ಪ್ರಯೋಗಿಸಲು ಹೊರಡುವುದು ಸಹಜ. ಆ ಗ್ರಂಥಗಳಲ್ಲಿ ಉಪಯುಕ್ತವಾದುದೂ ಇದೆ. ಈ ರೋಗಿಗೆ ಪ್ರಾಣಾಪಾಯವನ್ನು ತರುವಂಥದೂ ಇದೆ. ಎರಡನ್ನೂ ವಿಂಗಡಿಸುವ ಸೂತ್ರವು ಮೂಲದಲ್ಲಿಯೇ ಇದ್ದು, ಅನುವಾದದಲ್ಲಿ ಮರೆಯಾಗಿದೆ. ಕವಲಕ್ಕೂ ಗಂಡೂಷಕ್ಕೂ ಇರುವ ಭೇದ ಒಂದು. ನಿಜವ್ಯಾಧಿಗೂ ಆಗಂತುವ್ಯಾಧಿಗೂ ಇರುವ ಭೇದ ಮತ್ತೊಂದು.

ಮೊದಲನೆಯ ಭೇದವನ್ನು ನೋಡುವುದು. ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ನಲವತ್ತನೆಯ ಅಧ್ಯಾಯದಲ್ಲಿ ಧೂಮ ನಸ್ಯಗಳ ಜೊತೆಗೆ ಕವಲಗ್ರಹವು ನಿರೂಪಿತವಾಗಿದೆ. ಬಾಯೊಳಗೆ ಸುಖವಾಗಿ ಅತ್ತಿತ್ತ ಆಡಿಸಬಹುದಾದಷ್ಟು ಪ್ರಮಾಣದ ದ್ರವ್ಯವು ಕವಲ. ಆಡಿಸಲು ಎಡೆಯಿಲ್ಲದಂತೆ ಬಾಯಿ ತುಂಬ ಹಿಡಿದುಕೊಳ್ಳುವುದು ಗಂಡೂಷ. ವಾಗ್ಭಟನೂ ಅಷ್ಟಾಂಗಹೃದಯದ ಸೂತ್ರಸ್ಥಾನದ ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಈ ಲಕ್ಷಣವನ್ನೇ ಅನುಸರಿಸಿದ್ದಾನೆ. ಶಾರ್ಙ್ಗಧರನಾದರೋ ಬೇರೆ ದಾರಿ ಹಿಡಿದು, ದ್ರವರೂಪವಾದುದು ಗಂಡೂಷ, ಅರೆದ ಕಲ್ಕರೂಪವಾದುದು ಕವಲ ಎಂದು ದ್ರವ್ಯದ ಸ್ವರೂಪದಿಂದ ವಿಭಾಗ ಮಾಡಿದನು. ಮೊದಲಿನ ಇಬ್ಬರಿಗೆ ಮುಖ್ಯವಾದುದು ಚಲನೆ. ಮೂರನೆಯವನಿಗೆ ಮುಖ್ಯವಾದುದು ಗಟ್ಟಿತನ. ಎಲೆ ಅಡಿಕೆಗಳ ಉಂಡೆಗೆ ಕವಳವೆಂಬ ಹೆಸರು ಒಪ್ಪುವುದು ಶಾರ್ಙ್ಗಧರನ ಲಕ್ಷಣದಂತೆ ಎಂಬುದು ಗಮನಾರ್ಹ.

ಕನ್ನಡದಲ್ಲಿ ಈ ಎರಡಕ್ಕೂ ‘ಬಾಯಿ ಮುಕ್ಕಳಿಸುವುದು’ ಎಂಬ ಒಂದೇ ಮಾತನ್ನು ಬಳಸುವುದು ಅನುವಾದಕರ ವಾಡಿಕೆ. ಮುಕ್ಕಳಿಸುವುದೆಂದರೆ ಕೆನ್ನೆಗಳನ್ನು ಬಲವಾಗಿ ಆಡಿಸಿ, ಸದ್ದು ಮಾಡಿ, ಉಗುಳುವುದು. ಆರೋಗ್ಯವಂತನ ಬಾಯಿಗೆ ಇದರಿಂದ ಬಾಧಕವಿಲ್ಲ. ಮೇಲ್ಪದರವೇ ಕಿತ್ತುಹೋಗಿರುವ ಬಾಯಲ್ಲಿ ಒಂದು ಅಲುಗಾಟವೂ ಕೆಂಡವನ್ನು ಹೊರಳಿಸಿದಂತೆ ಆಗುತ್ತದೆ. ಅಂಥವನಿಗೆ ಬೇಕಾದುದು ನಿಶ್ಚಲವಾಗಿ, ಮೃದುವಾಗಿ ದ್ರವವನ್ನು ಬಾಯಲ್ಲಿ ಇಟ್ಟುಕೊಂಡು ಹೊರಬಿಡುವುದು. ಗಂಡೂಷದ ನಿಶ್ಚಲತೆ ಅವನಿಗೆ ಹಿತ. ಆದರೆ ಗಂಡೂಷಕ್ಕೆ ಹೇಳಿರುವ ಪೂರ್ಣಪ್ರಮಾಣವೂ ಕಾಲಾವಧಿಯೂ ಅವನಿಗೆ ಸಲ್ಲವು. ಬಾಯಿ ಕಫದಿಂದ ತುಂಬುವವರೆಗೆ, ಮೂಗು ಕಣ್ಣುಗಳು ಸುರಿಯುವವರೆಗೆ ಹಿಡಿಯಬೇಕೆಂಬ ವಿಧಿಯು ಗಟ್ಟಿಮುಟ್ಟಾದವನನ್ನು ಉದ್ದೇಶಿಸಿದ್ದು. ವ್ರಣದ ಬಾಯಿಗೆ ಒಂದೆರಡು ಚಮಚದಷ್ಟು ದ್ರವ, ಅರ್ಧ ನಿಮಿಷದ ಧಾರಣೆ ಇಷ್ಟೇ ಸಾಕು. ಪ್ರಮಾಣ ಕವಲದ್ದು, ರೀತಿ ಗಂಡೂಷದ್ದು ಎನ್ನಬಹುದು.

ಇನ್ನು ವ್ಯಾಧಿಯ ಸ್ವರೂಪ. ಸುಶ್ರುತನು ನಿದಾನಸ್ಥಾನದ ಹದಿನಾರನೆಯ ಅಧ್ಯಾಯದಲ್ಲಿ ಮುಖರೋಗಗಳನ್ನು ೬೫ ಎಂದು ಎಣಿಸಿ, ತುಟಿ, ಹಲ್ಲಿನ ಬುಡ, ಹಲ್ಲು, ನಾಲಗೆ, ಅಂಗುಳ, ಕಂಠ, ಸಮಗ್ರ ಮುಖ ಎಂಬ ಏಳು ಸ್ಥಾನಗಳಲ್ಲಿ ಹಂಚಿದ್ದಾನೆ. ವಾಗ್ಭಟನ ಎಣಿಕೆಯಲ್ಲಿ ಅವು ೭೫. ಏಳನೆಯ ಸ್ಥಾನದ್ದು, ಬಾಯೆಲ್ಲ ವ್ಯಾಪಿಸುವುದು, ‘ಸರ್ವಸರ’. ಲೋಕದಲ್ಲಿ ಮುಖಪಾಕವೆಂದು ಪ್ರಸಿದ್ಧವಾದುದು ಇದೇ. ‘ಪಾಕ’ವೆಂದರೆ ಬೇಯುವುದು. ‘ಬಾಯೆಲ್ಲ ಬೆಂದ ಹಾಗಿದೆ’ ಎಂದು ಹಳ್ಳಿಯ ರೋಗಿಯು ಹೇಳುವ ಮಾತು ಈ ಶಾಸ್ತ್ರಶಬ್ದಕ್ಕೆ ತಾನೇ ತಾನಾಗಿ ಒದಗಿದ ಟೀಕೆ.

ಅರ್ಬುದಚಿಕಿತ್ಸೆಯಲ್ಲಿ ಬಾಯಿ ಬೇಯುವುದೇಕೆ? ಬಾಯಿಯ ಒಳಚರ್ಮವು ಸುಮಾರು ೭ರಿಂದ ೧೪ ದಿನಗಳಿಗೊಮ್ಮೆ ಪೂರ್ಣವಾಗಿ ಹೊಸದಾಗುತ್ತಿರುತ್ತದೆ. ಬೇಗ ಬೇಗ ವಿಭಜನೆಗೊಳ್ಳುವ ಕಣಗಳನ್ನು ಕೊಲ್ಲುವುದೇ ಈ ಔಷಧಗಳ ಕೆಲಸವಾದ್ದರಿಂದ, ಅರ್ಬುದದ ಕಣಗಳೊಡನೆ ಬಾಯಿಯ ಕಣಗಳೂ ಸಾಯುತ್ತವೆ. ಹಳೆಯ ಪದರ ಸವೆದುಹೋಗುತ್ತದೆ, ಹೊಸದು ಹುಟ್ಟುವುದಿಲ್ಲ. ಕೆನ್ನೆಯ ಒಳಮೈ, ತುಟಿಯ ಒಳಭಾಗ, ನಾಲಗೆಯ ತಳ, ಮೃದುವಾದ ಅಂಗುಳ ಇವು ಮೊದಲು ಕೆಡುತ್ತವೆ. ಗಟ್ಟಿಯಾದ ಅಂಗುಳವೂ ವಸಡೂ ಬಹುಮಟ್ಟಿಗೆ ಉಳಿಯುತ್ತವೆ. ಔಷಧದಿಂದ ಬಂದ ಹುಣ್ಣು ಸಾಮಾನ್ಯವಾಗಿ ಒಂದು ವಾರದೊಳಗೆ ತೋರಿ, ಎರಡು ಮೂರು ವಾರಗಳಲ್ಲಿ ಮಾಯುತ್ತದೆ. ತಲೆ ಕುತ್ತಿಗೆಗಳ ಅರ್ಬುದಕ್ಕೆ ವಾರಕ್ಕೆ ಐದು ದಿನದಂತೆ ಆರೇಳು ವಾರ ಕಿರಣಗಳನ್ನು ಹಾಯಿಸುವಾಗ, ಎರಡನೆಯ ವಾರದಲ್ಲಿ ಬಾಯಿ ಕೆಂಪಾಗಿ, ಮೂರನೆಯ ವಾರಕ್ಕೆ ಹುಣ್ಣು ಕಾಣಿಸಿಕೊಂಡು, ಚಿಕಿತ್ಸೆ ಮುಗಿದ ಮೇಲೂ ಹಲವು ವಾರ ಉಳಿಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು ಈ ಹುಣ್ಣಿನ ತೀವ್ರತೆಯನ್ನು ಅಳೆಯುವ ಕ್ರಮವು ಮನನೀಯವಾದುದು. ನೋವು ಮತ್ತು ಕೆಂಪು ಮಾತ್ರ ಇದ್ದರೆ ಮೊದಲನೆಯ ಮಟ್ಟ. ಹುಣ್ಣಿದ್ದೂ ಗಟ್ಟಿಯಾದ ಆಹಾರವನ್ನು ತಿನ್ನಬಲ್ಲವನದು ಎರಡನೆಯದು. ದ್ರವವನ್ನು ಮಾತ್ರ ಕುಡಿಯಬಲ್ಲವನದು ಮೂರನೆಯದು. ಬಾಯಿಂದ ಏನೂ ಇಳಿಯದಿದ್ದರೆ ನಾಲ್ಕನೆಯದು. ಅಳತೆಗೋಲು ತುತ್ತೇ, ಎಂದರೆ ಕವಳವೇ. ಮೂರು ನಾಲ್ಕನೆಯ ಮಟ್ಟಕ್ಕೆ ಹೋದವನು ಅನ್ನವಿಲ್ಲದೆ ಸೊರಗುತ್ತಾನೆ. ಕಿರಣಚಿಕಿತ್ಸೆಯನ್ನು ನಡುವೆ ನಿಲ್ಲಿಸಬೇಕಾಗುತ್ತದೆ. ತಲೆ ಕುತ್ತಿಗೆಯ ಅರ್ಬುದದಲ್ಲಿ ಹೀಗೆ ತಪ್ಪಿದ ಒಂದೊಂದು ದಿನಕ್ಕೂ ರೋಗವು ಹತೋಟಿಗೆ ಬರುವ ಸಂಭವವು ನೂರಕ್ಕೆ ಸುಮಾರು ಒಂದರಂತೆ ಇಳಿಯುತ್ತದೆಂದು ವೈದ್ಯರ ಲೆಕ್ಕ. ಆದ್ದರಿಂದ ಬಾಯಿಹುಣ್ಣಿನ ಉಪಶಮನವೆಂಬುದು ಕೇವಲ ಸುಖದ ಮಾತಲ್ಲ.

ಇಲ್ಲಿ ಎರಡನೆಯ ಭೇದವು ಒದಗುತ್ತದೆ. ಗ್ರಂಥಗಳಲ್ಲಿ ಮುಖಪಾಕದ ಚಿಕಿತ್ಸೆಯೆಂದು ಸಾಮಾನ್ಯವಾಗಿ ಹೇಳಿರುವುದು ದೋಷಜವಾದ, ಎಂದರೆ ಶರೀರದೊಳಗಿನ ವಾತಾದಿಗಳ ಪ್ರಕೋಪದಿಂದ ಹುಟ್ಟಿದ, ನಿಜವ್ಯಾಧಿಗೆ. ಅಲ್ಲಿ ಸಿರಾವೇಧದಿಂದ ರಕ್ತವನ್ನು ತೆಗೆಯುವುದು, ಶಿರೋವಿರೇಚನ, ತೀಕ್ಷ್ಣವಾದ ಚೂರ್ಣಗಳನ್ನು ಬೆರಳಿನಿಂದ ತಿಕ್ಕುವ ಪ್ರತಿಸಾರಣ ಮೊದಲಾದುವು ಬರುತ್ತವೆ. ಅರ್ಬುದಚಿಕಿತ್ಸೆಯಲ್ಲಿರುವ ರೋಗಿಯ ರಕ್ತದಲ್ಲಿ ಹೆಪ್ಪುಗಟ್ಟಿಸುವ ಕಣಗಳೂ, ಸೋಂಕನ್ನು ತಡೆಯುವ ಬಿಳಿಯ ಕಣಗಳೂ ಕುಗ್ಗಿರುತ್ತವೆ. ಅವನಿಗೆ ಸಿರಾವೇಧವೆಂದರೆ ನಿಲ್ಲದ ರಕ್ತಸ್ರಾವ. ತಿಕ್ಕುವುದೆಂದರೆ ಸೋಂಕಿಗೆ ಬಾಗಿಲು ತೆರೆದಂತೆ. ಶುಂಠಿ, ಮೆಣಸು, ಹಿಪ್ಪಲಿಗಳ ಚೂರ್ಣವನ್ನು ಹುಣ್ಣಿಗೆ ಸವರಿದರೆ ಏನಾಗುವುದೆಂಬುದನ್ನು ವಿವರಿಸಬೇಕಾದುದಿಲ್ಲ.

ಆದರೆ ಈ ಹುಣ್ಣು ನಿಜವಲ್ಲ. ಹೊರಗಿನಿಂದ ಬಂದ ಔಷಧದಿಂದಲೋ ಕಿರಣದಿಂದಲೋ ಆದದ್ದು; ಶಾಸ್ತ್ರದ ಪರಿಭಾಷೆಯಲ್ಲಿ ಆಗಂತು. ವಾಗ್ಭಟನು ಗಂಡೂಷದ ಪ್ರಕರಣದಲ್ಲಿ ಇಂಥದಕ್ಕೆ ಪ್ರತ್ಯೇಕವಾದ ವಿಧಿಯನ್ನೇ ಕೊಟ್ಟಿದ್ದಾನೆ. ಉರಿಯಿಂದ ಕೂಡಿದ ಪಾಕದಲ್ಲಿಯೂ, ಆಗಂತುಕವಾದ ಕ್ಷತದಲ್ಲಿಯೂ, ವಿಷದಿಂದ, ಕ್ಷಾರದಿಂದ, ಅಗ್ನಿಯಿಂದ ಸುಟ್ಟ ಬಾಯಲ್ಲಿಯೂ ತುಪ್ಪವನ್ನಾಗಲಿ ಹಾಲನ್ನಾಗಲಿ ಧರಿಸತಕ್ಕದ್ದೆಂದು ಅವನ ಅಭಿಪ್ರಾಯ. ಅದರ ಸಮೀಪದಲ್ಲಿಯೇ, ಜೇನನ್ನು ಬಾಯಲ್ಲಿ ಹಿಡಿಯುವುದರಿಂದ ಬಾಯಿ ನಿರ್ಮಲವಾಗಿ, ಮುಖದ ವ್ರಣಗಳು ಕೂಡಿಕೊಂಡು, ದಾಹವೂ ತೃಷೆಯೂ ಶಮನವಾಗುವುವೆಂದು ಹೇಳುತ್ತಾನೆ. ವಾಗ್ಭಟನಿಗೆ ಇಂದಿನ ಔಷಧಗಳಾಗಲಿ ಕಿರಣಗಳಾಗಲಿ ತಿಳಿದಿದ್ದುವೆಂದು ಸಾಧಿಸಹೊರಡುವುದು ಹಾಸ್ಯಾಸ್ಪದ. ಅಂಥ ಸಾಧನೆಗಳು ಈಚೆಗೆ ಹೆಚ್ಚಾಗಿವೆ. ಆದರೆ ಕಣಗಳನ್ನು ಕೊಲ್ಲುವ ಔಷಧವು ವಿಷಕ್ಕೂ, ಕಿರಣವು ಅಗ್ನಿಗೂ ಸದೃಶವೆಂಬ ಉಪಮಾನಕ್ಕೆ ಅಡ್ಡಿಯಿಲ್ಲ. ಸುಟ್ಟ ಬಾಯಿಗೆ ತೀಕ್ಷ್ಣವಲ್ಲ, ಮೃದುವೂ ಶೀತವೂ ಮಧುರವೂ ಆದುದೇ ಯೋಗ್ಯವೆಂಬ ತತ್ತ್ವವು ಆ ಒಂದೆರಡು ಶ್ಲೋಕಗಳಲ್ಲಿ ಅಡಗಿದೆ. ಕನ್ನಡದ ಸಂಗ್ರಹಗಳು ಮುಖರೋಗದ ಅಧ್ಯಾಯವನ್ನು ಮಾತ್ರ ಎತ್ತಿಕೊಂಡು ಸೂತ್ರಸ್ಥಾನದ ಈ ಭಾಗವನ್ನು ಬಿಟ್ಟಲ್ಲಿ, ಓದುಗನಿಗೆ ಬೇಕಾದದ್ದು ತಪ್ಪಿ ಬೇಡವಾದದ್ದು ಕೈಗೆ ಸಿಕ್ಕುತ್ತದೆ.

ತತ್ತ್ವವು ಒಪ್ಪಿತವಾದ ಮಾತ್ರಕ್ಕೆ ಪ್ರತಿಯೊಂದು ದ್ರವ್ಯವೂ ಸಿದ್ಧವಾಗುವುದಿಲ್ಲ. ಪರೀಕ್ಷೆ ಬೇಕು, ಜೇನಿನ ವಿಷಯದಲ್ಲಿ ಅದು ನಡೆದಿದೆ. ಮಲೇಶಿಯ ದೇಶದಲ್ಲಿ ತಲೆ ಕುತ್ತಿಗೆಯ ಅರ್ಬುದಕ್ಕೆ ಕಿರಣಚಿಕಿತ್ಸೆ ಪಡೆಯುತ್ತಿದ್ದ ೪೦ ಮಂದಿಯನ್ನು ಎರಡು ಪಂಗಡ ಮಾಡಿ ನಡೆಸಿದ ಪ್ರಯೋಗದ ಫಲವು ೨೦೦೩ರಲ್ಲಿ ಪ್ರಕಟವಾಯಿತು. ಒಂದು ಪಂಗಡದವರು ಕಿರಣ ಹಾಯಿಸುವುದಕ್ಕೆ ೧೫ ನಿಮಿಷ ಮೊದಲು, ಮುಗಿದ ೧೫ ನಿಮಿಷಕ್ಕೆ, ಆಮೇಲೆ ೬ ಗಂಟೆ ಕಳೆದು, ಹೀಗೆ ಮೂರಾವರ್ತಿ ೨೦ ಮಿಲಿಲೀಟರು ಜೇನನ್ನು ಬಾಯಲ್ಲಿ ಮೆಲ್ಲಗೆ ಹರಡಿಕೊಂಡು ನುಂಗಿದರು. ಜೇನು ಪಡೆದವರಲ್ಲಿ ನೂರಕ್ಕೆ ೨೦ ಮಂದಿಗೆ, ಪಡೆಯದವರಲ್ಲಿ ನೂರಕ್ಕೆ ೭೫ ಮಂದಿಗೆ ಮೂರು ನಾಲ್ಕನೆಯ ಮಟ್ಟದ ಹುಣ್ಣು ಬಂದಿತು. ಅಂತರವು ದೊಡ್ಡದು, ಪ್ರಯೋಗವು ಚಿಕ್ಕದು. ೨೦೧೨ರಲ್ಲಿ ಪ್ರಕಟವಾದ ಮ್ಯಾಂಚೆಸ್ಟರಿನ ಪ್ರಯೋಗದಲ್ಲಿ ೧೩೧ ಮಂದಿಗೆ ನ್ಯೂಜಿಲೆಂಡಿನ ಮಾನುಕಾ ಜೇನನ್ನಾಗಲಿ, ಅದರಂತೆಯೇ ಕಾಣುವ ಸಕ್ಕರೆಯ ಪಾಕವನ್ನಾಗಲಿ ಕೊಟ್ಟು ನೋಡಲಾಗಿ, ಹುಣ್ಣಿನಲ್ಲಿ ಅಂತರವು ತೋರಲಿಲ್ಲ. ಬೆಲೆ ಹೆಚ್ಚಾದ ಜೇನಿಗೇ ಗುಣ ಹೆಚ್ಚೆಂಬ ಭ್ರಾಂತಿಗೆ ಇದು ಸಾಕಷ್ಟು ಉತ್ತರ.

ಇಂಥ ಅನೇಕ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿ, ಮಲ್ಟಿನ್ಯಾಷನಲ್ ಅಸೋಸಿಯೇಷನ್ ಆಫ್ ಸಪೋರ್ಟಿವ್ ಕೇರ್ ಇನ್ ಕ್ಯಾನ್ಸರ್ ಎಂಬ ವೈದ್ಯಸಂಸ್ಥೆಯವರು ೨೦೨೦ರ ತಮ್ಮ ಮಾರ್ಗಸೂಚಿಯಲ್ಲಿ, ತಲೆ ಕುತ್ತಿಗೆಯ ಅರ್ಬುದಕ್ಕೆ ಕಿರಣಚಿಕಿತ್ಸೆ ನಡೆಯುವವರಲ್ಲಿ ಹುಣ್ಣನ್ನು ತಡೆಯುವುದಕ್ಕೆ ಜೇನನ್ನು ಬಾಯಲ್ಲಿ ಲೇಪಿಸಿಕೊಂಡು ನುಂಗುವುದನ್ನು ಸೂಚಿಸಿದರು. ಇಲ್ಲಿ ಎರಡು ಅಂಶಗಳನ್ನು ಮರೆಯತಕ್ಕದ್ದಲ್ಲ. ಇದು ಬಲವಾದ ವಿಧಿಯಲ್ಲ, ಸೂಚನೆ. ಮತ್ತು ಬರುವುದನ್ನು ತಡೆಯುವುದಕ್ಕೆ ಹೇಳಿದ್ದೇ ಹೊರತು ಬಂದುದನ್ನು ಮಾಯಿಸುವುದಕ್ಕಲ್ಲ. ಜೇನಿನಲ್ಲಿ ದೋಷಗಳೂ ಉಂಟು. ಕಿರಣದಿಂದ ಜೊಲ್ಲು ಬತ್ತಿದ ಬಾಯಲ್ಲಿ ಅದರ ಸಿಹಿ ಅಂಟಿನಿಂತು ಹಲ್ಲನ್ನು ಕೊರೆಯುತ್ತದೆ. ಮಧುಮೇಹಿಗೆ ಸಕ್ಕರೆಯನ್ನು ಏರಿಸುತ್ತದೆ. ಬಿಳಿಯ ರಕ್ತಕಣಗಳು ತೀರ ಕುಸಿದವನಿಗೆ ಹುಟ್ಟಿನಿಂದ ಇಳಿಸಿದ ಹಸಿಜೇನು ಕೂಡದೆಂದು ವೈದ್ಯರು ನಿಷೇಧಿಸುವುದುಂಟು. ಒಂದು ವರ್ಷ ತುಂಬದ ಮಗುವಿಗೆ ಜೇನು ಸರ್ವಥಾ ವರ್ಜ್ಯ.

ತುಪ್ಪಕ್ಕೂ ಹಾಲಿಗೂ ಇಂಥ ಪ್ರಮಾಣವು ಒದಗಿಲ್ಲ. ತಣ್ಣನೆಯ ಹಾಲು ಉರಿಯನ್ನು ತಗ್ಗಿಸಿ ಹೊಟ್ಟೆಗೂ ಆಗುವುದರಿಂದ ಆಹಾರವಾಗಿ ಅದಕ್ಕೆ ಗೌರವವಿದೆ. ಮಜ್ಜಿಗೆಯ ಹುಳಿ ಮಾತ್ರ ಚುಚ್ಚುತ್ತದೆ. ತುಪ್ಪ ಬೆರೆಸಿದ ಮೆದುಗಂಜಿ ಒಣಗಿದ ಗಂಟಲಿನಲ್ಲಿ ಸುಲಭವಾಗಿ ಜಾರುತ್ತದೆ. ಚರಕನು ಸೂತ್ರಸ್ಥಾನದಲ್ಲಿ ಹೊಗಳಿದ ಸ್ನೇಹಗಂಡೂಷವನ್ನು ಇಂದು ಎಣ್ಣೆ ಮುಕ್ಕಳಿಸುವುದೆಂಬ ಹೆಸರಿನಿಂದ ಸರ್ವರೋಗಕ್ಕೂ ಹೇಳುವವರಿದ್ದಾರೆ. ಚರಕನು ಅದನ್ನು ಹೇಳಿದ್ದು ಸ್ವಸ್ಥನ ದಿನಚರ್ಯೆಯ ಪ್ರಕರಣದಲ್ಲಿ. ನುಂಗಲು ಕಷ್ಟಪಡುವವನ ಬಾಯಲ್ಲಿ ಎಣ್ಣೆಯು ಶ್ವಾಸನಾಳಕ್ಕೆ ಜಾರುವ ಭಯವೂ ಇದೆ.

ಶೀತೋಪಚಾರದ ಮಾತಿನಲ್ಲಿ ಮಂಜುಗಡ್ಡೆಯನ್ನು ಹೇಳದೆ ಬಿಡಲಾಗದು. ಐದು ಫ್ಲೋರೋಯುರಾಸಿಲ್ ಎಂಬ ಔಷಧವನ್ನು ರಕ್ತನಾಳಕ್ಕೆ ಒಂದೇ ಸಲ ಕೊಡುವಾಗ, ಅದಕ್ಕೆ ಸ್ವಲ್ಪ ಮೊದಲಿನಿಂದ ಆರಂಭಿಸಿ ಅರ್ಧ ಗಂಟೆ ಮಂಜಿನ ಚೂರುಗಳನ್ನು ಬಾಯಲ್ಲಿ ಇಟ್ಟುಕೊಂಡರೆ ಹುಣ್ಣು ಕಡಮೆಯಾಗುತ್ತದೆ. ತಣ್ಪಿನಿಂದ ಬಾಯಿಯ ನಾಳಗಳು ಸಂಕುಚಿತವಾಗಿ, ಔಷಧವು ಅಲ್ಲಿಗೆ ಅಷ್ಟಾಗಿ ಹರಿಯುವುದಿಲ್ಲ. ಆ ಔಷಧದ ಆಯುಸ್ಸು ರಕ್ತದಲ್ಲಿ ಕೆಲವೇ ನಿಮಿಷಗಳದ್ದಾದ್ದರಿಂದ ಅರ್ಧ ಗಂಟೆಯ ಕಾವಲು ಸಾಕಾಗುತ್ತದೆ. ನೀರಿಗಿಂತ ನೈಸರ್ಗಿಕವಾದ ಔಷಧವಿಲ್ಲ. ಇದರಷ್ಟು ಚೆನ್ನಾಗಿ ಪರೀಕ್ಷಿತವಾದ ಮನೆಮದ್ದೂ ಮತ್ತೊಂದಿಲ್ಲ. ಆಕ್ಸಾಲಿಪ್ಲಾಟಿನ್ ಎಂಬ ಔಷಧವನ್ನು ಪಡೆಯುವವನಿಗೆ ಮಾತ್ರ ತಣ್ಪು ಸ್ಪರ್ಶಮಾತ್ರದಿಂದಲೇ ಬಾಧಕ.

ಉಪ್ಪು ಮತ್ತು ಅಡಿಗೆ ಸೋಡ ಒಂದೊಂದು ಚಹಾ ಚಮಚ, ಕಾಸಿ ಆರಿಸಿದ ನೀರು ಒಂದು ಲೀಟರು, ದಿನದಿನವೂ ಹೊಸದು, ನಾಲ್ಕಾರು ಗಂಟೆಗೊಮ್ಮೆ, ನುಂಗದೆ: ಎಲ್ಲ ಆಸ್ಪತ್ರೆಗಳಲ್ಲಿಯೂ ಹೇಳುವ ಕ್ರಮವಿದು. ಹುಣ್ಣನ್ನು ಮಾಯಿಸುತ್ತದೆಂಬ ಪ್ರಮಾಣವು ಇದಕ್ಕಿಲ್ಲ. ಬಾಯನ್ನು ಶುಚಿಯಾಗಿಟ್ಟು, ಅಂಟನ್ನು ಸಡಿಲಿಸಿ, ರೋಗಿಗೆ ನೆಮ್ಮದಿ ಕೊಡುತ್ತದೆ. ಅರಿಸಿನದ ಗಂಡೂಷದ ಮೇಲೆ ಭಾರತದಲ್ಲಿಯೂ ಹೊರಗೂ ಕೆಲವು ಚಿಕ್ಕ ಪ್ರಯೋಗಗಳು ನಡೆದು ಆಶೆ ಹುಟ್ಟಿಸಿವೆ. ನಿರ್ಣಯಕ್ಕೆ ಅಷ್ಟು ಸಾಲದು. ಲೋಳೆಸರದ ಸ್ಥಿತಿಯೂ ಹಾಗೆಯೇ. ಜಾಜಿಯ ಎಲೆ, ಅಮೃತಬಳ್ಳಿ, ದ್ರಾಕ್ಷಿ, ಮರದರಿಸಿನ, ತ್ರಿಫಲಗಳ ಕಷಾಯವನ್ನು ತಣಿಸಿ ಜೇನು ಬೆರೆಸಿ ಗಂಡೂಷಕ್ಕೆ ಕೊಡುವ ಪ್ರಸಿದ್ಧ ಯೋಗವು ಮಧ್ಯಕಾಲದ ಸಂಗ್ರಹಗಳಲ್ಲಿದೆ. ತಣಿಸಬೇಕೆಂಬುದೂ ಜೇನು ಬೆರೆಸಬೇಕೆಂಬುದೂ ಸೂಕ್ಷ್ಮವಾದ ವಿವೇಚನೆ. ಆದರೆ ಒಗರು ಒಣಬಾಯನ್ನು ಇನ್ನಷ್ಟು ಒಣಗಿಸಬಲ್ಲದು. ಕಾಚಿನ ಗುಟಿಕೆಗಳಿಗೂ ಇದೇ ಆಕ್ಷೇಪ. ಕಾಚು ಬಾಯಿಗೆ ಹಿತವೆಂಬ ಶಾಸ್ತ್ರವಚನವನ್ನು ತಾಂಬೂಲದ ಸಮರ್ಥನೆಗೆ ತರುವವರು, ಕಾಚನ್ನು ಹೇಳಿ ಅಡಿಕೆಯನ್ನು ನುಂಗಿಬಿಡುತ್ತಾರೆ.

‘ನೈಸರ್ಗಿಕ’ವಾದುದೆಲ್ಲ ಸೌಮ್ಯವೆಂಬ ಗ್ರಹಿಕೆಯೂ ಪರಿಶೀಲನೆಗೆ ನಿಲ್ಲದು. ಹದಿನಾಲ್ಕನೆಯ ಶತಮಾನದ ಮಂಗರಾಜನು ಕನ್ನಡದಲ್ಲಿ ರಚಿಸಿದ ಖಗೇಂದ್ರಮಣಿದರ್ಪಣವು ಆದ್ಯಂತ ವಿಷವೈದ್ಯದ ಗ್ರಂಥ. ಅಲ್ಲಿನ ಸ್ಥಾವರವಿಷಗಳು ಗಿಡಬಳ್ಳಿಗಳಿಂದಲೇ ಬಂದವು. ಬಾಯಿಹುಣ್ಣಿಗೆ ಹೆಸರಾದ ಡಾಕ್ಸೋರೂಬಿಸಿನ್ ಎಂಬ ಅರ್ಬುದೌಷಧವು ದೊರೆತದ್ದು ಮಣ್ಣಿನ ಸೂಕ್ಷ್ಮಜೀವಿಯಿಂದ. ಪ್ಯಾಕ್ಲಿಟ್ಯಾಕ್ಸೆಲ್ ದೊರೆತದ್ದು ಒಂದು ಮರದ ತೊಗಟೆಯಿಂದ. ಸುಡುವುದೂ ನಿಸರ್ಗವೇ, ತಣಿಸುವುದೂ ನಿಸರ್ಗವೇ.

ನೋವು ಹೆಚ್ಚಾದಲ್ಲಿ ಮನೆಮದ್ದಿನಿಂದ ಸಾಗಿಸುವುದು ನಿರ್ದಯತೆ; ಬೆಂಜಿಡಮೀನ್, ಮಾರ್ಫೀನ್ ಮೊದಲಾದುವುಗಳ ಬಾಯಿನೀರುಗಳನ್ನೂ, ಮಂದವಾದ ಬೆಳಕಿನಿಂದ ಒಳಚರ್ಮವನ್ನು ಕಾಪಾಡುವ ವಿಧಾನವನ್ನೂ ವೈದ್ಯರು ತಕ್ಕ ರೋಗಿಗಳಿಗೆ ಬಳಸುತ್ತಾರೆ. ನಾಲಗೆಯ ಮೇಲೆ ಮೊಸರಿನ ಕೆನೆಯಂತೆ ಬಿಳಿಯ ಪದರ ಕಂಡರೆ ಅದು ಬೂಷ್ಟಿನ ಸೋಂಕು, ಜೇನಿನಿಂದ ಹೋಗತಕ್ಕದ್ದಲ್ಲ. ಜ್ವರವು ೧೦೦.೪ ಡಿಗ್ರಿಗೆ ಏರಿದರೆ ಆ ಹೊತ್ತಿಗೇ ಆಸ್ಪತ್ರೆಗೆ ಹೋಗಬೇಕು. ಬಿಳಿಯ ಕಣಗಳು ಕುಸಿದ ಶರೀರದಲ್ಲಿ ಬಾಯಿಯ ಹುಣ್ಣಿನಿಂದ ರಕ್ತಕ್ಕೆ ಇಳಿದ ಸೋಂಕು ಒಂದು ರಾತ್ರಿಯನ್ನೂ ಕಾಯುವುದಿಲ್ಲ.

ವೈದ್ಯಗ್ರಂಥಗಳನ್ನು ಕನ್ನಡಕ್ಕೆ ತರುವವರಿಗೂ ಪದಕೋಶಗಳನ್ನು ಪರಿಷ್ಕರಿಸುವವರಿಗೂ ಇಲ್ಲಿ ಕೆಲಸವುಂಟು. ಗಂಡೂಷಕ್ಕೆ ‘ಬಾಯಲ್ಲಿ ತುಂಬಿ ಹಿಡಿಯುವುದು’ ಎಂದೂ, ಕವಲಕ್ಕೆ ‘ಬಾಯಲ್ಲಿ ಆಡಿಸುವುದು’ ಎಂದೂ ಬೇರೆ ಬೇರೆ ಬರೆದು, ಶಾರ್ಙ್ಗಧರನ ಮತಭೇದವನ್ನು ಅಡಿಯಲ್ಲಿ ಕಾಣಿಸಬಹುದು. ಮುಖಪಾಕದ ಪ್ರಕರಣದಲ್ಲಿ ಸಿರಾವೇಧವು ಬಂದೆಡೆ, ಇದು ದೋಷಜಕ್ಕೆ ಹೇಳಿದ್ದು, ಆಗಂತುವಿಗೆ ಸೂತ್ರಸ್ಥಾನದ ಇಪ್ಪತ್ತೆರಡನೆಯ ಅಧ್ಯಾಯವನ್ನು ನೋಡತಕ್ಕದ್ದು ಎಂದು ಒಂದು ಸಾಲನ್ನು ಸೇರಿಸಬಹುದು. ‘ಕವಳ’ದ ನಮೂದಿನಲ್ಲಿ ತುತ್ತು, ಭಿಕ್ಷೆ, ತಾಂಬೂಲ ಎಂಬ ಮೂರರ ಜೊತೆಗೆ ಈ ನಾಲ್ಕನೆಯ ಅರ್ಥವೂ ಇರಬೇಕಾದುದು ನ್ಯಾಯ.